ಹಿಂದಿನ ಬೆಂಚಿನಲ್ಲಿ ಕೂತ ಟೀಚರುಗಳು

ನಿಬಿಯಾ ತೆಚೇರಾ ಬರುತ್ತಿದ್ದಾಳೆಂದರೆ ಮೊದಲು ಮೋಟಾರ್‌ಸೈಕಲ್ಲಿನ ಸದ್ದು, ಅದರ ಹಿಂದೆಯೇ ನಾಯಿಗಳ ಬೊಗಳಾಟ, ಆಮೇಲೆ ಧೂಳಿನ ನಡುವೆ ಅವಳ ಕೆಂಪು ಸ್ಕಾರ್ಫು. ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕಿಲ್ಲದೆ ಅವಳನ್ನು ಕಂಡವರು ಸೆರ್ರೋ ಲಾರ್ಗೋ ಜಿಲ್ಲೆಯಲ್ಲೇ ಇಲ್ಲ. ಅವಳ ತಾಯಿ ಕುರಿಯ ಉಣ್ಣೆ ಕತ್ತರಿಸುವ ತಂಡಗಳಿಗೆ ಅಡುಗೆ ಮಾಡುತ್ತಿದ್ದಳು. ಮಗಳು ಒಂದು ಫಾರ್ಮಿನಿಂದ ಇನ್ನೊಂದಕ್ಕೆ ಅಲೆಯುತ್ತಲೇ ಓದಿದಳು, ಟೀಚರಾದಳು, ಒಂದೇ ಕೋಣೆಯ ಹಳ್ಳಿ ಶಾಲೆಗಳಲ್ಲಿ ಅರ್ಧ ಆಯುಸ್ಸು ಕಳೆದಳು. ಐವತ್ತು ದಾಟಿದ ಮೇಲೆ ಜಿಲ್ಲೆಯ ಶಾಲೆಗಳನ್ನು ನೋಡಿಕೊಳ್ಳಲು ಅವಳನ್ನು ಮೆಲೋ ಊರಿನ ಶಿಕ್ಷಣ ಕಚೇರಿಗೆ ಕರೆಸಿಕೊಂಡರು. ನಾನು ಅದೇ ಊರಿನಲ್ಲಿ ನಾಲ್ಕನೇ ತರಗತಿಯ ಟೀಚರು. ಆಮೇಲೆ ನಡೆದದ್ದನ್ನೆಲ್ಲ ಹತ್ತಿರದಿಂದ ಕಂಡವಳು.

ಆ ಹೊತ್ತಿಗೆ ನಮ್ಮ ಮಕ್ಕಳಿಗೆಲ್ಲ ಲ್ಯಾಪ್‌ಟಾಪ್ ಬಂದು ವರ್ಷಗಳಾಗಿದ್ದವು. ತರಗತಿಗಳಲ್ಲಿ ಪ್ರೊಜೆಕ್ಟರುಗಳಿದ್ದವು. ತರಬೇತಿಯೂ ಎರಡು ಸಲ ಆಗಿತ್ತು. ರಾಜಧಾನಿಯಿಂದ ಬಂದವರು ಹೋಟೆಲಿನ ಹಾಲ್‌ನಲ್ಲಿ ರೋಬಾಟ್ ಓಡಿಸಿ ತೋರಿಸಿದರು. ನಾವು ಚಪ್ಪಾಳೆ ತಟ್ಟಿದೆವು, ಸ್ಯಾಂಡ್‌ವಿಚ್ ತಿಂದೆವು, ಬಸ್ ಹತ್ತಿದೆವು. ಸೋಮವಾರ ಮತ್ತೆ ಸೀಮೆಸುಣ್ಣವೇ.

ಮೂರನೇ ತರಬೇತಿಗೆ ಮೊದಲು, ಟೀಚರುಗಳಿಗೆ ನಿಜವಾಗಿ ಏನು ಬೇಕೆಂದು ಕೇಳೋಣ ಎಂದು ಮೇಲಿನವರಿಗೆ ಅನಿಸಿತು. ಪ್ರಶ್ನೆಗಳನ್ನು ಕಳಿಸಿದರು. ಇವೆಲ್ಲ ಬಳಸಲು ಬರುತ್ತದೆಯೇ ಎಂದು ಕೇಳಿದ್ದಕ್ಕೆ ಇಡೀ ಜಿಲ್ಲೆ ‘ಚೆನ್ನಾಗಿ ಬರುತ್ತದೆ’ ಎಂದು ಉತ್ತರಿಸಿತು. ಬರುವುದಿಲ್ಲ ಎಂದು ಬರೆದು ಬಡ್ತಿಗೆ ತಾವೇ ಕಲ್ಲು ಹಾಕಿಕೊಳ್ಳುವವರು ಯಾರು?

ತರಬೇತಿಯ ಹೊಣೆ ಹೊತ್ತಿದ್ದ ಗೊನ್ಸಾಲೋ ಪಿತ್ತಾಲುಗಾ ರಾಜಧಾನಿ ಮೋಂತೆವಿದೇಯೋದಿಂದ ಬಂದಾಗ ಖುಷಿಯಲ್ಲಿದ್ದ. “ನಿಮ್ಮೋರೆಲ್ಲ ಚೆನ್ನಾಗಿ ಪಳಗಿದಾರೆ. ಮುಂದಿನ ಹಂತದ ಕೋರ್ಸೇ ಕೊಟ್ಬಿಡೋಣ” ಎಂದ.

ನಿಬಿಯಾ ಫ್ಲಾಸ್ಕಿನ ಬಿಸಿನೀರು ಸುರಿದ ಮಾಟೆ ಎಲೆಯ ಕಷಾಯ ಹೀರುತ್ತ ನಕ್ಕಳು. “ಈ ಉತ್ತರ ನಂಬೋದಾದ್ರೆ ನಾವೇ ಹೋಗಿ ಜಪಾನಿನೋರಿಗೆ ಕಲಿಸ್ಬಹುದು ಗೊನ್ಸಾಲೋ. ಈ ಚಳಿಗಾಲ ನಂಗೆ ಬಿಟ್ಕೊಡಿ. ವಸಂತದ ರಜೆ ಹೊತ್ತಿಗೆ ಏನು ಬೇಕು ಅಂತ ಹೇಳ್ತೀನಿ.”

“ಅಲ್ಲೀವರೆಗೆ ಏನ್ ಮಾಡ್ತೀರಿ?”

“ಕ್ಲಾಸಲ್ಲಿ ಹಿಂದೆ ಕೂತು ನೋಡ್ತೀನಿ.”

ಮೊದಲು ಹೋದದ್ದು ಗುಡ್ಡದ ಕಡೆಯ ಒಂದು ಶಾಲೆಗೆ. ಅಲ್ಲಿನ ಟೀಚರು ಯೆನಿ ಕೊರೆಯಾ, ಚಿಕ್ಕ ವಯಸ್ಸಿನವಳು. ಬಿಳಿ ಅಂಗಿಯ ಮೇಲೆ ನೀಲಿ ಬೋ ಕಟ್ಟಿದ ಮಕ್ಕಳು ಲ್ಯಾಪ್‌ಟಾಪ್ ತೆರೆದು ತುಟಿ ಪಿಟಕ್ಕೆನ್ನದೆ ಕೆಲಸ ಮಾಡುತ್ತಿದ್ದರು. ಪಾಠ ಮುಗಿದು ನಿಬಿಯಾ ಎದ್ದು ನಿಂತಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು, “ಟೀಚರ್, ಇವ್ರು ಹೊರಟ್ರಲ್ಲ, ಇನ್ನು ವಾಪಸ್ ಬೀರೂಗೆ ಇಡೋಣ್ವಾ?”

ಯೆನಿಯ ಮುಖ ಕೆಂಪಾಯಿತು. ನಿಬಿಯಾ ಕೇಳಿಸದವಳಂತೆ ಹೊರಗೆ ಬಂದಳು. ತಾನು ಹೋಗಿ ಕೂತಲ್ಲೆಲ್ಲ ನಡೆಯುವುದು ತನಗಾಗಿ ಹೂಡಿದ ಆಟವೇ ಎಂಬುದು ಅವಳಿಗೆ ಅರ್ಥವಾಯಿತು. ಗಾಡಿಯ ಪಕ್ಕ ಸ್ವಲ್ಪ ಹೊತ್ತು ನಿಂತಿದ್ದು ಮತ್ತೆ ಒಳಗೆ ಹೋದಳು.

“ಯೆನಿ, ನಾಳೆ ನಾನು ಪಾಠ ಮಾಡ್ತೀನಿ. ನೀನು ಹಿಂದೆ ಕೂತ್ಕೋ. ನಾನೆಲ್ಲಿ ಎಡವ್ತೀನೋ ನೋಡಿ ಹೇಳು.”

“ನಿಮ್ಗೆ ನಾನು ಹೇಳೋದಾ ಟೀಚರ್?”

“ಮತ್ತಿನ್ಯಾರು? ಈ ಮಕ್ಕಳ ಜೊತೆ ದಿನಾ ಒದ್ದಾಡೋಳು ನೀನು ತಾನೇ?”

ಮರುದಿನ ನಿಬಿಯಾ ಭಿನ್ನರಾಶಿಯ ಪಾಠ ಶುರು ಮಾಡಿದಳು. ಬೇಕೆಂದೇ ಎಡವುವ ಅಗತ್ಯವೇನೂ ಬೀಳಲಿಲ್ಲ. ಅರ್ಧ ಮಕ್ಕಳು ಲೆಕ್ಕ ಮುಗಿಸಿ ಆಟ ತೆರೆದು ಕೂತರು, ಇನ್ನರ್ಧ ಮಕ್ಕಳ ಲ್ಯಾಪ್‌ಟಾಪ್ ಇನ್ನೂ ಆನ್ ಆಗಿರಲಿಲ್ಲ. ಇಬ್ಬರು ಚಾರ್ಜರಿಗಾಗಿ ಕಿತ್ತಾಡಿದರು. ಆ ಚಳಿಯಲ್ಲೂ ನಿಬಿಯಾ ಬೆವರಿದಳು. ಯೆನಿಗೆ ಸುಮ್ಮನೆ ಕೂರಲಾಗಲಿಲ್ಲ.

“ಇಲ್ಲೇ ಟೀಚರ್, ಇಲ್ಲೇ” ಎಂದಳು. “ದಿನಾ ಇಲ್ಲಿಗೆ ಬಂದ್ಕೂಡ್ಲೇ ನಂಗೆ ಕೈಕಾಲೇ ಆಡಲ್ಲ. ಅದಕ್ಕೇ ಬೀರೂಗೆ ಬೀಗ ಹಾಕ್ಬಿಡೋದು.”

ಯೆನಿಗೆ ಲ್ಯಾಪ್‌ಟಾಪ್ ಬಳಸಲು ಚೆನ್ನಾಗಿಯೇ ಬರುತ್ತಿತ್ತು. ಒಂದೊಂದು ಮಗು ಒಂದೊಂದು ದಾರಿ ಹಿಡಿದಾಗ ಪಾಠವನ್ನು ಹೇಗೆ ಹಿಡಿದಿಡಬೇಕು ಎಂಬುದನ್ನು ಮಾತ್ರ ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಅಂದು ಸಂಜೆ ಇಬ್ಬರೂ ಒಲೆಯ ಮುಂದೆ ಕೂತು ಕತ್ತಲಾಗುವ ತನಕ ಅದನ್ನೇ ಮಾತಾಡಿದರು.

ಆ ಚಳಿಗಾಲವಿಡೀ ನಿಬಿಯಾ ಹಾಗೆಯೇ ಶಾಲೆಯಿಂದ ಶಾಲೆಗೆ ಅಲೆದಳು. ಎಲ್ಲ ಕಡೆಯೂ ಪಾಠ ಅವಳದ್ದು, ಹಿಂದಿನ ಬೆಂಚು ಟೀಚರದ್ದು. ನನ್ನ ತರಗತಿಗೂ ಬಂದಳು. ಅವಳು ಪರದಾಡುವುದನ್ನು ಹಿಂದೆ ಕೂತು ನೋಡುತ್ತಿದ್ದಾಗ ನನಗೆ ಬಂದ ನಗು, ಅದರ ಹಿಂದೆಯೇ ಆದ ನಿರಾಳ, ಎರಡೂ ಇಂದಿಗೂ ನೆನಪಿವೆ. ಅವಳು ಕೇಳುವ ಮೊದಲೇ ನನ್ನ ತೊಂದರೆಗಳನ್ನೆಲ್ಲ ಅವಳ ಮುಂದೆ ಸುರಿದುಬಿಟ್ಟೆ.

ಬಗ್ಗದವರು ಒಬ್ಬರೇ, ಎಲ್ಬಿಯೋ ಸರಾಲೇಗಿ. ಯೆನಿಯ ಗುಡ್ಡದಿಂದ ಇಳಿದು ಬರುವ ಹೊಳೆಯ ಕೆಳಭಾಗದ ಹಳ್ಳಿಯಲ್ಲಿ ಮೂರು ತಲೆಮಾರಿಗೆ ಅಕ್ಷರ ಕಲಿಸಿದ ಮೇಷ್ಟ್ರು. ಅವರ ತರಗತಿಯ ಪ್ರೊಜೆಕ್ಟರಿನ ಮೇಲೆ ಹೆಂಡತಿ ಹೆಣೆದ ಕ್ರೋಶಾ ಬಟ್ಟೆ ಹೊದಿಸಿದ್ದರು, ಮೇಲೊಂದು ಹೂವಿನ ಕುಂಡ ಬೇರೆ.

“ನೋಡಮ್ಮ ನಿಬಿಯಾ, ನನ್ನ ಕ್ಲಾಸಲ್ಲಿ ಹಿಂದಿನ ಬೆಂಚು ದಡ್ಡರಿಗೆ” ಎಂದರು.

“ಹಾಗಾದ್ರೆ ಇವತ್ತೊಂದಿನ ದಡ್ಡರಾಗಿ ಎಲ್ಬಿಯೋ ಮೇಷ್ಟ್ರೇ. ನಾನು ದಿನಾ ಆಗ್ತಿದೀನಿ.”

ಮುದುಕರಿಗೆ ನಗು ಬಂತು. ಹೋಗಿ ಹಿಂದೆ ಕೂತರು. ನಿಬಿಯಾ ಪರದೆಯ ಮೇಲೆ ನದಿಗಳ ನಕ್ಷೆ ಮೂಡಿಸಲು ಹೋದಳು. ನಕ್ಷೆ ತಲೆಕೆಳಗಾಗಿ ಬಂತು, ಆಮೇಲೆ ಅದೂ ಮಾಯವಾಯಿತು. ಮಕ್ಕಳು ಗೊಳ್ಳೆಂದರು. ನಿಬಿಯಾ ಅವರ ಜೊತೆ ತಾನೂ ನಕ್ಕು, ಸೀಮೆಸುಣ್ಣ ತೆಗೆದುಕೊಂಡು ಪಾಠ ಮುಂದುವರಿಸಿದಳು.

ಮಕ್ಕಳು ಮನೆಗೆ ಹೋದ ಮೇಲೆ ಎಲ್ಬಿಯೋ ಬೆಂಚಿನಿಂದ ಏಳಲೇ ಇಲ್ಲ. ಕೂತಲ್ಲಿಂದಲೇ ಕೇಳಿದರು, “ಅವರು ನಕ್ಕಾಗ ನಿಂಗೇನೂ ಅನಿಸ್ಲಿಲ್ವಾ?”

“ಅನಿಸ್ತು. ಕಿವಿ ಬಿಸಿಯಾಯ್ತು. ಆಮೇಲೆ ತಣ್ಣಗಾಯ್ತು.”

“ಈ ಊರಲ್ಲಿ ನನ್ನ ನೋಡಿ ಇವತ್ತಿನವರೆಗೆ ಒಂದು ಮಗೂನೂ ನಕ್ಕಿಲ್ಲ. ನಂಗೆ ಹೆದರಿಕೆ ಅದೊಂದೇ ಕಣಮ್ಮ. ಅವರ ಕಣ್ಣಿಗೆ ಬೀಳದ ಹಾಗೆ ಎಲ್ಲಾದ್ರೂ ಮೂಲೇಲಿ ಕೂತು ಕಲಿಯೋಕಾಗಿದ್ರೆ ಎಂದೋ ಕಲೀತಿದ್ದೆ.”

ವಸಂತದಲ್ಲಿ ಮೆಲೋದ ಕ್ಲಬ್ಬಿನ ಹಾಲ್‌ನಲ್ಲಿ ಸಭೆ ಸೇರಿತು. ಪಿತ್ತಾಲುಗಾ ಮುಂದಿನ ಹಂತದ ಕೋರ್ಸನ್ನು ಸಿದ್ಧಮಾಡಿಕೊಂಡೇ ಬಂದಿದ್ದ. ನಿಬಿಯಾ ವೇದಿಕೆ ಹತ್ತಿ ಹೇಳಿದ್ದು ಇಷ್ಟೇ: “ಈ ಚಳಿಗಾಲದಲ್ಲಿ ನಾನು ಎಲ್ಲೆಲ್ಲಿ ಎಡವ್ದೆ ಅಂತ ನೋಡಿದೋರು ಇಲ್ಲಿ ಕೂತಿದಾರೆ. ಏನು ಬೇಕು ಅಂತ ಅವರೇ ಹೇಳ್ಲಿ.”

ಬಡ್ತಿ ಕೊಡುವವರೆಲ್ಲ ಮುಂದಿನ ಸಾಲಿನಲ್ಲೇ ಇದ್ದರು. ಆಗ ಕುರ್ಚಿಯೊಂದು ಕಿರುಗುಟ್ಟಿತು. ಎದ್ದು ನಿಂತವರು ಎಲ್ಬಿಯೋ ಸರಾಲೇಗಿ.

“ನಂಗೆ ಪ್ರೊಜೆಕ್ಟರ್ ಹಚ್ಚೋಕೂ ಬರಲ್ಲ” ಎಂದರು ಗಟ್ಟಿಯಾಗಿ. “ನಡುವೆ ಕೆಟ್ಟು ನಿಂತ್ರೆ ಏನ್ಮಾಡ್ಬೇಕು ಅದೂ ಗೊತ್ತಿಲ್ಲ. ಕಲಿಸೋದಾದ್ರೆ ಅದನ್ನ ಕಲಿಸಿ. ರೋಬಾಟ್ ಆಮೇಲೆ ನೋಡೋಣ.”

ಅವರು ಕೂರುವ ಮೊದಲೇ ಯೆನಿ ಎದ್ದಳು. ಅವಳ ಹಿಂದೆ ನಾನು ಎದ್ದೆ. ಆಮೇಲೆ ಯಾರ ಸರದಿ ಎಂದು ಕೇಳುವವರೇ ಇಲ್ಲ. ನೆಟ್ ಇಲ್ಲದ ಶಾಲೆಯವರು, ಆರು ತರಗತಿಗಳನ್ನು ಒಂದೇ ಕೋಣೆಯಲ್ಲಿ ನಡೆಸುವವರು, ಎಲ್ಲರೂ ತಮಗೆ ಬಾರದ್ದನ್ನು ತಲೆಯೆತ್ತಿ ಹೇಳಿದರು.

ಪಿತ್ತಾಲುಗಾ ಕೆಟ್ಟ ಮನುಷ್ಯನಲ್ಲ. ತಂದಿದ್ದ ಕಾಗದಗಳನ್ನು ಮಡಚಿಟ್ಟ. “ಇದಕ್ಕೆಲ್ಲ ನಮ್ಮತ್ರ ಕೋರ್ಸಿಲ್ಲ ನಿಬಿಯಾ” ಎಂದ.

“ಮಾಡಿದ್ರಾಯ್ತು. ಒಬ್ರಿಗೆ ಬಾರದ್ದು ಇನ್ನೊಬ್ರಿಗೆ ಬರುತ್ತೆ, ಎಲ್ರೂ ಇಲ್ಲೇ ಇದಾರೆ. ಒಬ್ರ ಶಾಲೆಗೆ ಇನ್ನೊಬ್ರು ಹೋಗೋಕೆ ವಾರಕ್ಕೊಂದಿನ ಬಿಡುವು ಕೊಡ್ಸಿ ಸಾಕು.”

ಕೊಡಿಸಿದ. ಆ ವರ್ಷ ಯೆನಿ ವಾರಕ್ಕೊಮ್ಮೆ ಬಸ್ಸಿನಲ್ಲಿ ಎಲ್ಬಿಯೋ ಅವರ ಹಳ್ಳಿಗೆ ಹೋದಳು. ಶಾಲೆ ಬಿಟ್ಟ ಮೇಲೆ, ಮಕ್ಕಳಿಲ್ಲದ ಕೋಣೆಯಲ್ಲಿ, ಅವಳು ಅವರಿಗೆ ಯಂತ್ರ ಕಲಿಸಿದಳು. ಮೂವತ್ತು ಮಕ್ಕಳನ್ನು ಒಂದೇ ನೋಟದಲ್ಲಿ ಹಿಡಿದಿಡುವ ಬಗೆಯನ್ನು ಅವರು ಅವಳಿಗೆ ಕಲಿಸಿದರು.

ಮರುವರ್ಷದ ಮಳೆಯಲ್ಲಿ ಹೊಳೆ ಏರಿತು. ಮೇಲೆ ಗುಡ್ಡದಲ್ಲಿ ಯೆನಿಯ ಮಕ್ಕಳು ನೀರಿನ ಮಟ್ಟ ಅಳೆದು ಲ್ಯಾಪ್‌ಟಾಪಿನಿಂದ ಗಂಟೆಗೊಮ್ಮೆ ಕಳಿಸುತ್ತಿದ್ದರು. ಕೆಳಗೆ ಎಲ್ಬಿಯೋ ಅವರ ಮಕ್ಕಳು ಅದನ್ನು ಪರದೆಯ ಮೇಲೆ ಗೆರೆಯಾಗಿ ಎಳೆದು, ಮಧ್ಯಾಹ್ನದ ಊಟಕ್ಕೆ ಮೊದಲೇ ರಸ್ತೆ ಹೊಳೆಯನ್ನು ದಾಟುವ ಜಾಗ ಮುಳುಗುತ್ತದೆ ಎಂದು ಲೆಕ್ಕ ಹಾಕಿದರು. ಸುದ್ದಿ ಮನೆಮನೆಗೂ ಹೋಯಿತು. ಕುರಿಗಾಹಿಗಳು ಮಂದೆಯನ್ನು ದಿನ್ನೆಗೆ ಹತ್ತಿಸಿದರು. ಅಂದು ಮೇಷ್ಟ್ರ ಶಾಲೆ ನೋಡಲು ಬಂದಿದ್ದ ನಿಬಿಯಾ, ಪಿತ್ತಾಲುಗಾ, ನಾವೆಲ್ಲ ಛತ್ರಿ ಹಿಡಿದು ದಂಡೆಯಲ್ಲಿ ನಿಂತೆವು.

ಶಾಲೆಯ ಅಡುಗೆಮನೆಯಿಂದ ಸ್ಟ್ಯೂವಿನ ಪರಿಮಳ ಏಳುವ ಹೊತ್ತಿಗೆ ಕಂದು ನೀರು ಉಕ್ಕಿ ಬಂದು ರಸ್ತೆಯನ್ನು ಮುಚ್ಚಿತು. ಒಂದು ಕುರಿಮರಿಯೂ ತಗ್ಗಿನಲ್ಲಿ ಉಳಿದಿರಲಿಲ್ಲ. ಮಕ್ಕಳು ಕೇಕೆ ಹಾಕುತ್ತ ಮೇಷ್ಟ್ರ ಕೈ ಹಿಡಿದು ಎಳೆದಾಡಿದರು. ಎಲ್ಬಿಯೋ ಮಳೆಯಲ್ಲಿ ಟೋಪಿ ತೆಗೆದು, ಗುಡ್ಡದ ಶಾಲೆಯ ಕಡೆಗೆ ತಿರುಗಿ ತಲೆಬಾಗಿದರು. ಆಮೇಲೆ ನಿಬಿಯಾಳ ಹೆಗಲ ಮೇಲೆ ಕೈ ಹಾಕಿ, “ಬಾರಮ್ಮ, ಊಟ ಆರಿಹೋಗುತ್ತೆ” ಎಂದು ನಮ್ಮನ್ನೆಲ್ಲ ಒಳಗೆ ಕರೆದೊಯ್ದರು.