ಸೀಸೆಯಲ್ಲಿದ್ದ ಅವ್ವ

ಮನುಷ್ಯರ ಮೈಯ ಚೂರುಗಳನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹರಡಿ ಬಣ್ಣ ಹಾಕುವುದು ನನ್ನ ಕೆಲಸ. ಗೋವಾದ ಒಂದು ಲ್ಯಾಬಿನಲ್ಲಿ ಎಂಟು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಕ್ಯಾನ್ಸರ್ ಇದೆಯೋ ಇಲ್ಲವೋ ಎಂದು ಬರೆಯುವವರು ಡಾಕ್ಟರು. ನಾನು ಬರೀ ಕೊಯ್ಯುವವಳು. ಆದರೆ ವರ್ಷಗಟ್ಟಲೆ ಅನ್ನ ಬೇಯಿಸಿದವಳಿಗೆ ಅಗುಳು ಹಿಚುಕದೆಯೂ ಗೊತ್ತಾಗುತ್ತದಲ್ಲ, ಹಾಗೆ ನನಗೂ ಗೊತ್ತಾಗುತ್ತದೆ.

ಚೂರಿನ ಸೀಸೆ ತರುವ ಮನೆಯವರನ್ನು ನಾನು ಗದರುತ್ತೇನೆ. ಮುಚ್ಚಳ ತೆಗೆದಿರಾ, ಒಳಗಿನ ನೀರು ಚೆಲ್ಲಿದಿರಾ ಎಂದು ಪೊಲೀಸರ ಹಾಗೆ ಕೇಳುತ್ತೇನೆ. ಜೊತೆಯವರು ನನ್ನನ್ನು ಸಿಡುಕಿ ಅನ್ನುತ್ತಾರೆ. ಅನ್ನಲಿ. ಯಾಕೆ ಗದರುತ್ತೇನೆಂದು ಅವರಿಗೆ ಹೇಳಿಲ್ಲ.

ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ನಾವು ಮೂವರು ವಾಸ್ಕೊದ ಒಂದು ಬಾಡಿಗೆ ಕೋಣೆಯಲ್ಲಿದ್ದೆವು. ವಿಜಯಪುರದ ಕಡೆಯಿಂದ ದುಡಿಯಲು ಬಂದವರು. ಅಪ್ಪ ಮೀನಿನ ಜೆಟ್ಟಿಯಲ್ಲಿ ಐಸ್ ಹೊರುತ್ತಿದ್ದ, ಅವ್ವ ಕಟ್ಟಡಗಳಲ್ಲಿ ಕಾಂಕ್ರೀಟಿನ ಬುಟ್ಟಿ ಹೊರುತ್ತಿದ್ದಳು. ಮನೆಯಲ್ಲಿ ಓದು ಬರುತ್ತಿದ್ದವಳು ನಾನೊಬ್ಬಳೇ, ಆ ಜಂಬ ತಲೆಗೇರಿತ್ತು. ಆ ವರ್ಷ ವಿಜ್ಞಾನದಲ್ಲಿ ಅಂಗಾಂಶಗಳ ಪಾಠವಿತ್ತು. ಮನುಷ್ಯನ ಮೈಯಲ್ಲಿ ನಾಲ್ಕು ಬಗೆಯ ಅಂಗಾಂಶಗಳು ಎಂದು ಅವ್ವನ ಮೈಯನ್ನೇ ನಕಾಶೆ ಮಾಡಿಕೊಂಡು ಬಾಯಿಪಾಠ ಮಾಡಿದೆ. ಜಡ್ಡುಗಟ್ಟಿದ ಅಂಗೈ ಚರ್ಮದ ಮೇಲ್ಪದರ ಅನುಲೇಪಕ ಅಂಗಾಂಶ. ಬುಟ್ಟಿ ಎತ್ತುವಾಗ ಉಬ್ಬುವ ತೋಳು ಸ್ನಾಯು ಅಂಗಾಂಶ. ಮೊಣಕಾಲಿನ ಎಲುಬು, ಮೈತುಂಬ ಹರಿಯುವ ರಕ್ತ, ಎರಡೂ ಸಂಯೋಜಕ ಅಂಗಾಂಶ. ನೋವಿನ ಸುದ್ದಿಯನ್ನು ತಲೆಗೆ ಒಯ್ಯುವುದು ನರ ಅಂಗಾಂಶ.

"ಇಷ್ಟೆಲ್ಲಾ ಐತೇನ ನನ್ನ ಮೈಯಾಗ? ಬರೇ ಬ್ಯಾನಿ ಐತಿ ಅಂತ ಮಾಡಿದ್ನಿ," ಎಂದು ಅವ್ವ ನಕ್ಕಳು. ರಕ್ತ ಹೇಗೆ ಎಲುಬಿನ ಬಳಗ ಎಂದು ನಾನು ಇನ್ನೂ ವಿವರಿಸಹೋದರೆ, "ತುಂಬಿದ ಕೊಡ ತುಳುಕೂದಿಲ್ಲ, ಜಾಣಿ. ಏಳು, ರೊಟ್ಟಿ ಬಡಿ," ಎಂದಳು.

ಅದೇ ಮಳೆಗಾಲದಲ್ಲಿ ಅವ್ವನ ಎದೆಯಲ್ಲಿ ಗಂಟು ಕಾಣಿಸಿತು. ಒಂದು ಶನಿವಾರ ಮಧ್ಯಾಹ್ನ ಆಸ್ಪತ್ರೆಯಲ್ಲಿ ಗಂಟಿನ ಚೂರೊಂದನ್ನು ತೆಗೆದು, ಸೀಸೆಯಲ್ಲಿ ಹಾಕಿ ನಮ್ಮ ಕೈಗೇ ಕೊಟ್ಟರು. ಅದನ್ನು ಪರೀಕ್ಷೆ ಮಾಡುವ ಲ್ಯಾಬ್ ಬೇರೆ ಊರಲ್ಲಿ, ತೆರೆಯುವುದು ಸೋಮವಾರ. ಮುಚ್ಚಳ ತೆಗೆಯಬೇಡಿ ಎಂದು ನರ್ಸ್ ಹಿಂದಿಯಲ್ಲಿ ಹೇಳಿದ್ದು ನನಗೆ ಚೆನ್ನಾಗಿಯೇ ಕೇಳಿಸಿತು. ಅದು ಓದು ಬಾರದವರಿಗೆ ಹೇಳುವ ಮಾತು ಅಂದುಕೊಂಡೆ.

ಭಾನುವಾರ ಅಪ್ಪ ಕೆಲಸಕ್ಕೆ ಹೋಗಿದ್ದ. ಮುಚ್ಚಳ ಸಡಿಲವಿತ್ತೋ ಏನೋ, ಕೋಣೆಯಲ್ಲಿ ಕಣ್ಣು ಉರಿಯುವ ವಾಸನೆ. ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಇಂಥ ವಿಷದಲ್ಲಿ ಅವ್ವನ ಜೀವಕೋಶಗಳು ಸಾಯುತ್ತವೆ, ಸತ್ತರೆ ಲ್ಯಾಬಿನವರು ಏನನ್ನು ನೋಡುತ್ತಾರೆ ಎಂದು ನನಗೆ ಗಾಬರಿಯಾಯಿತು. ಬರೀ ನೀರಿನಲ್ಲಿ ಜೀವಕೋಶ ಉಬ್ಬಿ ಒಡೆಯುತ್ತದೆ, ಉಪ್ಪು ಹೆಚ್ಚಾದರೆ ಸೊರಗುತ್ತದೆ ಎಂದೂ ಓದಿದ್ದೆ. ಹಾಗಾಗಿ ಸೀಸೆಯ ನೀರನ್ನು ಬಚ್ಚಲಿಗೆ ಚೆಲ್ಲಿ, ಓಆರ್‌ಎಸ್ ಪುಡಿಯನ್ನು ಅಳತೆ ನೋಡಿ ನೀರಿನಲ್ಲಿ ಕಲಸಿ, ಸೀಸೆ ತುಂಬಿಸಿದೆ. ಚೂರು ಶೇಂಗಾ ಬೀಜದಷ್ಟಿತ್ತು. ಅವ್ವನನ್ನು ಉಳಿಸಿದೆ ಎಂದು ಎಷ್ಟು ಖುಷಿಪಟ್ಟೆನೆಂದರೆ, ನೆನೆದರೆ ಈಗಲೂ ಮೈ ಉರಿಯುತ್ತದೆ. ಸಂಜೆ ಅಪ್ಪ ಮೀನಿನ ಪೆಟ್ಟಿಗೆಯಲ್ಲಿ ಐಸ್ ತಂದು, "ಐಸಿನ್ಯಾಗ ಏನೂ ಕೆಡಂಗಿಲ್ಲ," ಎಂದು ಸೀಸೆಯನ್ನು ಅದರೊಳಗೆ ಹುಗಿದ.

ಮೈಯಿಂದ ಬೇರೆಯಾದ ಚೂರು ಆ ಗಳಿಗೆಯಿಂದಲೇ ತನ್ನನ್ನು ತಾನು ತಿನ್ನತೊಡಗುತ್ತದೆ. ನಾನು ಚೆಲ್ಲಿದ ನೀರು ಫಾರ್ಮಲಿನ್, ಅದು ಚೂರನ್ನು ಕೊಂದು, ಇದ್ದದ್ದನ್ನು ಇದ್ದ ಹಾಗೇ ನಿಲ್ಲಿಸುತ್ತದೆ. ಸರಿಯಾಗಿ ಸತ್ತರೆ ಮಾತ್ರ ಅದು ನಿಜ ಹೇಳುತ್ತದೆ. ನಮ್ಮ ಪಾಠದಲ್ಲಿ ಇದಿರಲಿಲ್ಲ.

ಸೋಮವಾರ ಲ್ಯಾಬಿನವನು ಮುಚ್ಚಳ ತೆಗೆದು ಮೂಸಿ ಮುಖ ಸಿಂಡರಿಸಿದ. "ಪಾನಿ ಕಿಸ್‌ನೇ ಫೇಕಾ?" ನೀರು ಚೆಲ್ಲಿದವರು ಯಾರು ಎಂದು ಅವನು ಕೇಳಿದಾಗ ನಾನು ಅಪ್ಪನ ಬೆನ್ನ ಹಿಂದೆ ಸರಿದೆ.

"ಮೈನೇ, ಸಾಬ್," ನಾನೇ ಎಂದು ಒಪ್ಪಿಕೊಂಡ ಅಪ್ಪ.

ಅವನು ನಾಲ್ಕು ಜನರೆದುರು ಅಪ್ಪನನ್ನು ಅಡಾಣಿ, ಓದು ಬಾರದ ದಡ್ಡ ಎಂದು ಬೈದ. ಅಪ್ಪ ತಲೆ ತಗ್ಗಿಸಿ ನಿಂತ. ಐಸ್ ಇಟ್ಟು ತಾನೇ ಕೆಡಿಸಿದೆನೆಂದು ಎಲ್ಲವನ್ನೂ ತನ್ನ ಮೇಲೆ ಹಾಕಿಕೊಂಡಿದ್ದಾನೆ ಅಂದುಕೊಂಡು ನಾನು ಸುಮ್ಮನಿದ್ದೆ. ಆಮೇಲೂ ಬಾಯಿ ಬಿಡಲಿಲ್ಲ. ಅಂಥ ಹೇಡಿ ನಾನು.

ಚೂರು ಪರೀಕ್ಷೆಗೆ ಯೋಗ್ಯವಿಲ್ಲ, ಮತ್ತೊಮ್ಮೆ ತೆಗೆಯಬೇಕು ಎಂದು ವರದಿ ಬಂತು. ಅವ್ವ ಒಪ್ಪಲಿಲ್ಲ. "ಒಮ್ಮೆ ಕೊಯ್ಸಿಕೊಂಡಿದ್ದ ಸಾಕು," ಎಂದು ಮತ್ತೆ ಬುಟ್ಟಿ ಹೊರಲು ಹೋದಳು. ಅವಳು ಒಪ್ಪುವಷ್ಟರಲ್ಲಿ ಗಂಟು ಕಂಕುಳಿಗೂ ಹಬ್ಬಿತ್ತು. ನಾನು ಹತ್ತನೇ ಇಯತ್ತೆ ಪಾಸಾದ ಸುದ್ದಿ ಕೇಳಲು ಅವ್ವ ಇರಲಿಲ್ಲ.

ಹೋದ ವರ್ಷ ಅಪ್ಪನ ಕೆನ್ನೆಯ ಒಳಗೆ ಹುಣ್ಣಾಯಿತು. ತಂಬಾಕು ಬಿಡು ಎಂದು ನಾನು ಬೈದದ್ದೆಲ್ಲ ನೀರಲ್ಲಿ ಹೋಮ ಮಾಡಿದಂತಾಗಿತ್ತು. ಆಸ್ಪತ್ರೆಯವರು ಚೂರು ತೆಗೆದುಕೊಟ್ಟ ಸೀಸೆಯನ್ನು ಅವನೇ ಬಸ್ಸಿನಲ್ಲಿ ನನ್ನ ಲ್ಯಾಬಿಗೆ ತಂದ. ಸುತ್ತ ಬಟ್ಟೆ ತುರುಕಿ, ಸ್ಟೀಲಿನ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿದ್ದ. ಮುಚ್ಚಳಕ್ಕೆ ಮೂರು ಸುತ್ತು ಟೇಪು.

"ನೋಡ್ ಯವ್ವಾ, ಒಂದ ಹನಿ ಚೆಲ್ಲಿಲ್ಲ," ಎಂದ.

ನನಗೆ ತಡೆಯಲಾಗಲಿಲ್ಲ. "ಅವತ್ತ ಅವ್ವಂದು ಚೆಲ್ಲಿದಾಕಿ ನಾನ, ಅಪ್ಪಾ."

"ಗೊತ್ತೈತಿ. ನಿಮ್ಮವ್ವ ಹೊರಳಿ ನೋಡಿದ್ಳು, ಅವತ್ತ ರಾತ್ರೀನ ನನಗ ಹೇಳಿದ್ಳು. ಹುಡುಗಿ ಓದಿದಾಕಿ, ಆಕಿಗೆ ತಿಳದಿರತೈತಿ ಅಂತ ಸುಮ್ನ ಮಲಗಿದ್ದಳಂತ."

"ಮತ್ತ ಇಷ್ಟ ವರ್ಷ ಯಾಕ ಹೇಳಲಿಲ್ಲ?"

"ಆಕೀನ ಬ್ಯಾಡ ಅಂದ್ಳು. ನಮಗ ಗೊತ್ತೈತಿ ಅಂತ ತಿಳದ್ರ ನೀ ಸಾಲಿ ಬಿಟ್ಟಬಿಡ್ತಿ ಅಂದ್ಳು."

ಸೀಸೆಗೆ ಅಪ್ಪನ ನಂಬರಿನ ಚೀಟಿ ಅಂಟಿಸಿದೆ. ಸೊಟ್ಟಗಾಯಿತು, ಕಿತ್ತು ಮತ್ತೆ ಅಂಟಿಸಿದೆ. ಕೊಯ್ಯುವ ಕೆಲಸವನ್ನು ಬೇರೆಯವರಿಗೆ ಕೊಡಬಹುದಿತ್ತು, ಕೊಡಲಿಲ್ಲ. ಮೂರನೇ ದಿನ ಬಣ್ಣ ಹಾಕಿದ ಗಾಜನ್ನು ಸೂಕ್ಷ್ಮದರ್ಶಕದ ಅಡಿ ಇಟ್ಟೆ. ಕೆನ್ನೆಯ ಒಳಪದರ, ಅನುಲೇಪಕ ಅಂಗಾಂಶ. ತಮ್ಮ ಪದರದಲ್ಲೇ ಇರಬೇಕಾದ ಅದರ ಕೋಶಗಳು ಸಾಲು ಬಿಟ್ಟು ಕೆಳಗಿಳಿದು, ಸಂಯೋಜಕ ಅಂಗಾಂಶದೊಳಗೆ ಗುಂಪು ಗುಂಪಾಗಿ ನುಗ್ಗಿದ್ದವು. ಅಪ್ಪ ಎಷ್ಟು ಜೋಪಾನವಾಗಿ ತಂದಿದ್ದನೆಂದರೆ ದಾರಿಯಲ್ಲಿ ಒಂದು ಕೋಶವೂ ಕೆಟ್ಟಿರಲಿಲ್ಲ. ಡಾಕ್ಟರು ಬರುವ ತನಕ ಕಾಯಬೇಕಾಗಲಿಲ್ಲ, ನೋಡಿದ ಕೂಡಲೇ ನನಗೆ ತಿಳಿಯಿತು.