ರೇಡಿಯೊ ಅಕ್ಕನ ಎಡಗಿವಿ, ಮಹಾರಾಣಿಯ ಗಂಟಲು

ಅವಳನ್ನು ಬೀದಿಯವರೆಲ್ಲ ರೇಡಿಯೊ ಅಕ್ಕ ಎಂದೇ ಕರೆಯುತ್ತಿದ್ದರು. ಬೆಳಗ್ಗೆ ಅಂಗಡಿಯ ಶಟರ್ ಎತ್ತುವಾಗ ಶುರುವಾದ ಮಾತು ಸಂಜೆ ಅದನ್ನು ಇಳಿಸುವವರೆಗೂ ನಿಲ್ಲುತ್ತಿರಲಿಲ್ಲ. ಹಂದಿ ಮಾಂಸದ ಅಂಗಡಿ ಅದು. ಬಿಳಿ ಟೈಲ್ಸ್ ಹಾಕಿದ ಕಟ್ಟೆ, ಅದರ ಮೇಲೆ ನಡು ಸವೆದು ತಗ್ಗಾದ ಮರದ ಕೊರಡು, ಗೋಡೆಯ ಮೇಲೆ ಸಾಲಾಗಿ ಕತ್ತಿಗಳು. ಹಿತ್ತಲಿನಾಚೆ ತಗಡಿನ ಮಾಡಿನ ಕೊಟ್ಟಿಗೆ. ಹಂದಿ ಸಾಕುವವಳೂ ಅವಳೇ, ಕೊಯ್ಯುವವಳೂ ಅವಳೇ. ಕೈ ಕತ್ತರಿಸುತ್ತಿದ್ದರೆ ಬಾಯಿ ಗಿರಾಕಿಯ ಮಂಡಿನೋವು ವಿಚಾರಿಸುತ್ತಿತ್ತು.

ಗಂಡ ತದ್ವಿರುದ್ಧ. ಮಾಂಸವನ್ನು ವ್ಯಾನಿನಲ್ಲಿ ಹೋಟೆಲುಗಳಿಗೆ ಮುಟ್ಟಿಸುವುದು ಅವನ ಕೆಲಸ. ಅವನ ಮಾತು ಪಕ್ಕದಲ್ಲಿ ನಿಂತವರಿಗೂ ಅರ್ಧ ಕೇಳಿ ಅರ್ಧ ಕೇಳುತ್ತಿರಲಿಲ್ಲ. "ನಮ್ಮ ಮನೇಲಿ ಮಾತಿನ ಪಾಲು ಸರಿಯಾಗೇ ಹಂಚಿಕೆಯಾಗಿದೆ, ಎರಡೂ ನಂಗೇ ಬಂದಿದೆ" ಎಂದು ಅಕ್ಕ ನಗುತ್ತಿದ್ದಳು.

ಕೊಟ್ಟಿಗೆಯಲ್ಲಿ ಮಹಾರಾಣಿ ಎಂಬ ಹೆಣ್ಣು ಹಂದಿಯದೇ ಆಳ್ವಿಕೆ. ಕಿವಿ ಜೋತುಬಿದ್ದ ಆ ದಢೂತಿ ಹಂದಿಯ ಮಕ್ಕಳು ಮೊಮ್ಮಕ್ಕಳೇ ಕೊಟ್ಟಿಗೆಯ ತುಂಬ. ಅವಕ್ಕೆ ದಿನಾ ಹಾಕುವ ಆಹಾರಕ್ಕೆ ಅಕ್ಕ ಒಂದು ಹಳದಿ ಪುಡಿ ಬೆರೆಸುತ್ತಿದ್ದಳು. ಬೂಸಾ ಅಂಗಡಿಯ ಯಜಮಾನ ಹೇಳಿಕೊಟ್ಟದ್ದು. "ಕಾಯಿಲೆ ಬಂದ್ಮೇಲೆ ಯಾಕೆ ಔಷಧ? ಬರೋಕ್ಕಿಂತ ಮುಂಚೇನೇ ಹಾಕಿಬಿಡಿ" ಎಂದಿದ್ದ. ಅವಳಿಗೂ ಮಾತು ಸರಿಯೆನ್ನಿಸಿತ್ತು. ಅವಳೂ ಅಷ್ಟೇ, ಗಂಟಲು ಕೆರೆದರೆ ಮನೆಯಲ್ಲಿ ಉಳಿದಿದ್ದ ಯಾವುದೋ ಮಾತ್ರೆ ನುಂಗಿ, ವಾಸಿಯೆನ್ನಿಸಿದೊಡನೆ ಉಳಿದದ್ದನ್ನು ಮತ್ತೆ ಡಬ್ಬಿಗೆ ಹಾಕಿಡುವವಳು.

ಒಂದು ದಿನ ಮಹಾರಾಣಿಯ ಮಗನೊಬ್ಬನ ತಲೆ ಸೀಳುವಾಗ ಮೂಳೆಯ ಚೂರು ಹೆಬ್ಬೆರಳಿಗೆ ಚುಚ್ಚಿತು. ಅಕ್ಕ ಬೆರಳಿಗೆ ಬಟ್ಟೆ ಸುತ್ತಿ ಕೆಲಸ ಮುಂದುವರಿಸಿದಳು. ಅದೊಂದು ದೊಡ್ಡ ವಿಷಯವೇ? ಆದರೆ ಒಂದೆರಡು ದಿನದಲ್ಲೇ ಮೈ ಕಾದ ಹೆಂಚಾಯಿತು. ಡಬ್ಬಿಯ ಮಾತ್ರೆ ನುಂಗಿದಳು, ಜ್ವರ ಜಪ್ಪಯ್ಯ ಅನ್ನಲಿಲ್ಲ. ಆಗಲೂ ಯಾರೂ ಗಾಬರಿಯಾಗಿರಲಿಲ್ಲ, ಏಕೆಂದರೆ ಅಕ್ಕ ಮಾತಾಡುತ್ತಲೇ ಇದ್ದಳು. ಮರುದಿನ ಮಧ್ಯಾಹ್ನ ಗಂಡ ಊಟಕ್ಕೆಂದು ಒಳಬಂದಾಗ ಮನೆ ನಿಶ್ಶಬ್ದವಾಗಿತ್ತು. ಹೆಂಡತಿ ಕತ್ತು ಸೆಟೆದು, ಗೋಡೆ ನೋಡುತ್ತ ಮಲಗಿದ್ದಳು.

"ಏನಾಯ್ತೇ? ಏನಾದ್ರೂ ಅನ್ನೇ!"

ಅವಳು ತುಟಿ ಎರಡು ಮಾಡಲಿಲ್ಲ. ಅವನು ಅವಳನ್ನು ಎತ್ತಿಕೊಂಡು ಹೋಗಿ, ಮಾಂಸ ಸಾಗಿಸುವ ವ್ಯಾನಿನಲ್ಲೇ ಮಲಗಿಸಿ ಆಸ್ಪತ್ರೆಗೆ ಓಡಿಸಿದ.

ಬೆನ್ನಿನಿಂದ ನೀರು ತೆಗೆದು ನೋಡಿದ ಡಾಕ್ಟರು, ಮಿದುಳಿನ ಪೊರೆಗೆ ಸೋಂಕು ತಗುಲಿದೆ ಎಂದರು. ಬೇರೆ ಔಷಧ ನರದೊಳಕ್ಕೆ ಇಳಿಯಿತು. ಜ್ವರ ಇಳಿಯಿತು. ಕಣ್ಣು ಬಿಟ್ಟ ಅಕ್ಕನ ಮೊದಲ ಮಾತು, "ಹಂದಿಗಳಿಗೆ ನೀರು ಇಟ್ರಾ?" ಗಂಡ ಏನೋ ಗೊಣಗಿದ. ಅವಳಿಗೆ ಕೇಳಲಿಲ್ಲ. ಇವನು ಯಾವತ್ತೂ ಹೀಗೇ ಎಂದು ಸಿಟ್ಟಾದಳು. ನರ್ಸ್ ಎಡಗಡೆಯಿಂದ ಬಂದು ಕೂಗಿದರೂ ಕೇಳದಿದ್ದಾಗಲೇ ಅವಳಿಗೆ ಅರ್ಥವಾದದ್ದು.

"ಎಡಗಿವಿ ಹೋಗಿದೆ ಅಮ್ಮಾ. ಈ ಕಾಯಿಲೇಲಿ ಹಾಗಾಗುತ್ತೆ. ವಾಪಸ್ ಬರೋದು ಕಷ್ಟ" ಎಂದರು ಡಾಕ್ಟರು, ಬಲಗಡೆ ಬಂದು ನಿಂತು.

ಅಕ್ಕ ಮುಸುಕೆಳೆದುಕೊಂಡು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಮುಸುಕು ಸರಿಸಿ, "ಇವರು ಮಲಗೋದು ಎಡಗಡೆ ಡಾಕ್ಟ್ರೇ. ಇನ್ನು ಗೊರಕೆ ಕಾಟ ತಪ್ತು" ಎಂದಳು. ಡಾಕ್ಟರು ನಕ್ಕರು. ಗಂಡ ನಗಲಿಲ್ಲ, ಅವಳ ಕಾಲು ಹಿಡಿದುಕೊಂಡು ಕೂತಿದ್ದ.

ಮನೆಗೆ ಬಂದ ಮೇಲೆ ಕೆಲವು ವಾರ ಅವಳು ಗೋಡೆ ಹಿಡಿದೇ ನಡೆದಳು. ನೆಲ ದೋಣಿಯ ಹಾಗೆ ತೂಗುತ್ತಿತ್ತು. ಅಷ್ಟರಲ್ಲಿ ಗಂಡನ ಗಂಟಲು ತೆರೆದುಕೊಂಡಿತು. ಅವನು ಈಗ ಅರಚಲೇಬೇಕಿತ್ತು. "ನೀನಿಲ್ದೇ ಮನೆ ಮನೆ ಥರಾನೇ ಇರ್ಲಿಲ್ಲ!" ಎಂದು ಒಂದು ಬೆಳಗ್ಗೆ ಹಿತ್ತಲಿನಲ್ಲಿ ಅವನು ಕೂಗಿದ್ದು ಎದುರುಮನೆಯ ಟೈಲರನಿಗೆ ಕೇಳಿ, ಅವನ ಹೊಲಿಗೆ ಯಂತ್ರ ನಿಂತೇಹೋಯಿತು. ಮದುವೆಯಾಗಿ ಇಷ್ಟು ವರ್ಷಕ್ಕೆ ಗಂಡನಿಂದ ಅಂಥ ಮಾತು ಕೇಳಿದ ಅಕ್ಕ, "ಏನಂದ್ರಿ? ಸರಿಯಾಗಿ ಕೇಳಿಸ್ಲಿಲ್ಲ" ಎಂದು ಎರಡನೇ ಸಲ ಹೇಳಿಸಿದಳು. ಕೇಳಿಸಿತ್ತು, ಚೆನ್ನಾಗಿಯೇ ಕೇಳಿಸಿತ್ತು.

ಆ ದಿನಗಳಲ್ಲೇ ಆಸ್ಪತ್ರೆಯ ಪ್ರಯೋಗಾಲಯದಿಂದ ಒಬ್ಬ ಹುಡುಗಿ ಬಂದಳು. ಅಕ್ಕನ ಬೆನ್ನಿನ ನೀರಿನಲ್ಲಿ ಸಿಕ್ಕ ಬ್ಯಾಕ್ಟೀರಿಯ ಹಂದಿಗಳ ಗಂಟಲಲ್ಲಿ ಇರುವಂಥದ್ದು, ಹಾಗಾಗಿ ಕೊಟ್ಟಿಗೆಯ ಹಂದಿಗಳ ಗಂಟಲಿನಿಂದ ಮಾದರಿ ತೆಗೆಯಬೇಕು ಎಂದಳು. ಉದ್ದನೆಯ ಹತ್ತಿ ಕಡ್ಡಿಗಳ ಕಟ್ಟು ಹಿಡಿದು ಕೊಟ್ಟಿಗೆಗೆ ಇಳಿದ ಹುಡುಗಿ ಮೊದಲ ಹಂದಿಗೇ ಕಾಲು ಜಾರಿ ಗಲೀಜಿನಲ್ಲಿ ಕೂತಳು. ಅಕ್ಕ ಗೋಡೆ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹುಡುಗಿಯೂ ನಕ್ಕಳು. ಗಂಡ ಒಂದೊಂದೇ ಹಂದಿಯ ಮೂತಿಗೆ ಹಗ್ಗ ಹಾಕಿ ಹಿಡಿದ, ಹುಡುಗಿ ಬಾಯೊಳಗೆ ಕಡ್ಡಿ ಆಡಿಸಿದಳು, ಹಂದಿಗಳು ಬೀದಿಗೆ ಬೀದಿಯೇ ಎದ್ದು ಕೂರುವಂತೆ ಕಿರುಚಿದವು.

ಫಲಿತಾಂಶ ಬಂದಾಗ ಹುಡುಗಿ ಅಕ್ಕನನ್ನು ಪ್ರಯೋಗಾಲಯಕ್ಕೇ ಕರೆದಳು. ಕಿಟಕಿಯ ಬಳಿಯ ಮೇಜಿನ ಮೇಲೆ ಅಂಗೈಯಗಲದ ದುಂಡನೆಯ ತಟ್ಟೆ. ಅದರಲ್ಲಿ ತೆಳ್ಳಗೆ ಬೆಳೆದ ಬ್ಯಾಕ್ಟೀರಿಯ, ಮೇಲೆ ಔಷಧದಲ್ಲಿ ಅದ್ದಿದ ಬಿಳಿ ಕಾಗದದ ಬೊಟ್ಟುಗಳು.

"ಇದು ನಿಮ್ಮ ಮೈಯಲ್ಲಿ ಸಿಕ್ಕಿದ್ದು ಅಕ್ಕಾ. ಈ ಬೊಟ್ಟಿನ ಸುತ್ತ ಖಾಲಿಯಾಗಿದೆ ನೋಡಿ, ಅಂದ್ರೆ ಈ ಔಷಧಕ್ಕೆ ಸತ್ತಿದೆ. ನಿಮ್ಮನ್ನ ಉಳಿಸಿದ್ದು ಇದೇ ಔಷಧ."

"ಇದರ ಸುತ್ತ ಒತ್ತೊತ್ತಾಗಿ ಬೆಳೆದಿದೆಯಲ್ಲ?"

"ಅದು ನಿಮ್ಮ ಹಳದಿ ಪುಡಿ. ಪಕ್ಕದ್ದು ನೀವು ಮನೇಲಿ ನುಂಗಿದ ಮಾತ್ರೆ. ಎರಡಕ್ಕೂ ಇದು ಸೊಪ್ಪು ಹಾಕಲ್ಲ. ದಿನಾ ಚೂರು ಚೂರು ಪುಡಿ ಸಿಕ್ತಾ ಇದ್ರೆ ಅದಕ್ಕೆ ಬಗ್ಗೋವು ಸಾಯ್ತವೆ, ಬಗ್ಗದೇ ಇರೋವು ಉಳಿದು ಸಂಸಾರ ಬೆಳೆಸ್ತವೆ."

ಹುಡುಗಿ ಮುಂದುವರಿಸಿದಳು. ವಂಶವಾಹಿಗಳನ್ನು ಓದಿ ನೋಡಿದರೆ ಒಂದೇ ಕೊಟ್ಟಿಗೆಯಲ್ಲಿ ಅದೇ ಬ್ಯಾಕ್ಟೀರಿಯದ ಹಲವಾರು ಬಗೆಗಳಿದ್ದವು. ಕೆಲವು ನಿರುಪದ್ರವಿ, ಕೆಲವು ಅಪಾಯಕಾರಿ.

"ನಮ್ಮ ಮಾವನ ಮನೆ ಹಾಗೆ ಅನ್ನು. ಒಂದೇ ಮನೆತನ, ಒಬ್ಬ ಸಾಧು, ಒಬ್ಬ ಜಗಳಗಂಟ."

"ಹೂಂ. ಜೊತೆಗೆ ಔಷಧ ತಪ್ಪಿಸ್ಕೊಳ್ಳೋ ಉಪಾಯನ ಒಂದು ಇನ್ನೊಂದಕ್ಕೆ ದಾಟಿಸ್ತವೆ."

"ಹಾಗಾದ್ರೆ ಅವೂ ನನ್ನಂಗೇ ಬಾಯಿಬಡುಕಿಯರು! ಸರಿ, ನನ್ನ ಕಿವಿ ತಿಂದಿದ್ದು ಯಾರ ಹತ್ರದ್ದು?"

ಹುಡುಗಿ ಹಿಂದುಮುಂದು ನೋಡಿ ಹೇಳಿದಳು. "ಮಹಾರಾಣಿ ಗಂಟಲಲ್ಲಿರೋದೂ ನಿಮ್ಮದೂ ಒಂದೇ. ಮರಿ ಹಾಕುವಾಗ ತಾಯಿಯಿಂದ ಮರಿಗೆ ಹೋಗುತ್ತೆ. ಆ ಮಗನ ತಲೆಯಿಂದ ನಿಮಗೆ ಬಂದಿರಬೇಕು."

"ಅಯ್ಯೋ, ಮಹಾರಾಣಿ ನಂಗೆ ಬೀಗತಿ ಆದ್ಲಲ್ಲೇ!" ಎಂದು ಅಕ್ಕ ಅಬ್ಬರಿಸಿ ನಕ್ಕಾಗ ಪಕ್ಕದ ಕೋಣೆಯವರು ಇಣುಕಿ ನೋಡಿದರು.

ಮರುದಿನವೇ ಅವಳು ಗಂಡನ ಜೊತೆ ಪುಡಿಯ ಡಬ್ಬಗಳನ್ನು ಬೂಸಾ ಅಂಗಡಿಗೆ ಹಿಂದಿರುಗಿಸಲು ಹೋದಳು. ಯಜಮಾನ ಕೈಯಾಡಿಸಿ, "ಪುಡಿ ಇಲ್ದೇ ಮರಿ ಸಾಕ್ತೀರಾ? ಕೊಟ್ಟಿಗೆ ಖಾಲಿ ಆಗುತ್ತೆ, ನೋಡ್ತಿರಿ" ಎಂದ. ಅಕ್ಕ ಬಾಯಿ ತೆರೆಯುವ ಮುನ್ನವೇ ಗಂಡ ಗುಡುಗಿದ: "ಹೆಂಡ್ತಿ ಖಾಲಿ ಆಗ್ತಿದ್ಲು ಕಣಯ್ಯಾ!" ಯಜಮಾನ ಡಬ್ಬಗಳನ್ನು ಒಳಗಿಟ್ಟ.

ಹೇಳಿದಷ್ಟು ಸುಲಭವೇನೂ ಆಗಿರಲಿಲ್ಲ. ಹಂದಿಗಳ ಸಂಖ್ಯೆ ಇಳಿಸಬೇಕಾಯಿತು, ಒತ್ತಟ್ಟಿಗೆ ತುಂಬುವುದು ನಿಂತಿತು. ನೆಲಕ್ಕೆ ಒಣಹುಲ್ಲು, ಮರಿಗಳಿಗೆ ಇನ್ನಷ್ಟು ದಿನ ತಾಯಿಯ ಹಾಲು, ಕೊಟ್ಟಿಗೆಗೇ ಬೇರೆ ಬೂಟು. ಮೊದಲ ಸಲ ಕೆಲವು ಮರಿಗಳು ಕಾಲು ಬಾತು ಬಿದ್ದವು. ದನದ ಡಾಕ್ಟರು ಬಂದು ಕಾಯಿಲೆಯವಕ್ಕೆ ಮಾತ್ರ, ಪರೀಕ್ಷೆ ಮಾಡಿಸಿ, ಪೂರ್ತಿ ಮುಗಿಯುವವರೆಗೆ ಔಷಧ ಕೊಟ್ಟರು. ಒಂದೆರಡು ಉಳಿಯಲಿಲ್ಲ. ಆ ದಿನ ರೇಡಿಯೊ ಮೆಲ್ಲಗೆ ನುಡಿಯಿತು. ಉಳಿದವು ಚೇತರಿಸಿಕೊಂಡು ಕಿವಿ ನಿಮಿರಿಸಿ ಓಡಾಡಿದವು. ಕೈಗೆ ಹಾಕಿಕೊಳ್ಳಬೇಕಾದ ರಬ್ಬರ್ ಗವುಸುಗಳನ್ನು ಕಂಡರೆ ಮಾತ್ರ ಅಕ್ಕನಿಗೆ ಆಗುತ್ತಿರಲಿಲ್ಲ. ಬೈದುಕೊಂಡೇ ಹಾಕಿಕೊಂಡಳು.

ವರ್ಷ ಕಳೆದ ಮೇಲೆ ಹುಡುಗಿ ಮತ್ತೆ ಮಾದರಿ ತೆಗೆದಳು. ಬ್ಯಾಕ್ಟೀರಿಯ ಎಲ್ಲಿಗೂ ಹೋಗಿರಲಿಲ್ಲ. ಆದರೆ ಹಳದಿ ಪುಡಿಗೆ ಬಗ್ಗುವಂಥವು ಅಲ್ಲೊಂದು ಇಲ್ಲೊಂದು ಕಾಣಿಸಿಕೊಂಡಿದ್ದವು. "ಸ್ವಲ್ಪವೇ ಅಕ್ಕಾ, ಇನ್ನೂ ತುಂಬಾ ಸಮಯ ಹಿಡಿಯುತ್ತೆ" ಎಂದಳು. "ಹಿಡೀಲಿ ಬಿಡು, ನಾನೇನು ಬಸ್ ಹಿಡೀಬೇಕಾ?" ಎಂದಳು ಅಕ್ಕ.

ಈಗ ಸುತ್ತಮುತ್ತಲ ಹಂದಿ ಸಾಕುವವರು ಅವಳ ಕೊಟ್ಟಿಗೆ ನೋಡಲು ಬರುತ್ತಾರೆ. ಕೆಲವರು ಕೇಳಿಕೊಂಡು ಹೋಗಿ ಮಾಡುತ್ತಾರೆ, ಕೆಲವರು ಕೇಳಿಕೊಂಡು ಹೋಗುತ್ತಾರೆ ಅಷ್ಟೆ. ಮೊನ್ನೆ ಕರಿ ಹಂದಿಯೊಂದು ಹಗಲು ಹೊತ್ತಿನಲ್ಲೇ ಮರಿ ಹಾಕಿತು. ಸುದ್ದಿ ಕೇಳಿ ಲ್ಯಾಬಿನ ಹುಡುಗಿ ಕಡ್ಡಿಗಳ ಕಟ್ಟು ಹಿಡಿದು ಓಡಿಬಂದಳು. ಗುಲಾಬಿ ಬಣ್ಣದ ಮರಿಗಳು ಒಂದರ ಮೇಲೊಂದು ಉರುಳುತ್ತ ಮೊಲೆ ಹುಡುಕುತ್ತಿದ್ದವು.

"ಈಗ್ಲೇ ತೆಗೀಲಾ ಅಕ್ಕಾ?"

"ತಡಿಯೇ ಮಾರಾಯ್ತಿ, ಮೊದ್ಲು ಹಾಲು ಕುಡೀಲಿ" ಎಂದು ಅಕ್ಕ ಹುಲ್ಲಿನ ಮೇಲೆ ಅವಳಿಗೂ ಜಾಗ ಮಾಡಿಕೊಟ್ಟಳು.