ಅಮ್ಮ ಹಸಿರು ತೊಟ್ಟ ಸಂಜೆ

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ನಾನಿದ್ದ ಫ್ಲ್ಯಾಟಿನ ಪಕ್ಕದಲ್ಲೇ ಪೋರ್ಚುಗಲ್‌ನ ಒಬ್ಬ ಸಂಗೀತ ಟೀಚರ್ ಇದ್ದಳು. ಆ ವರ್ಷ ಅಮ್ಮ ಉಡುಪಿಯಿಂದ ವಿಸಿಟ್ ವೀಸಾದಲ್ಲಿ ಬಂದು ಮೂರು ತಿಂಗಳು ನನ್ನ ಜೊತೆಗಿದ್ದರು. ನಾನು ಆಸ್ಪತ್ರೆಯ ಲ್ಯಾಬಿಗೆ ಹೋದರೆ ಸಂಜೆಯವರೆಗೆ ಅವರೊಬ್ಬರೇ. ಗೋಡೆಯಾಚೆ ಟೀಚರ್ ಚೌಕಾಕಾರದ ಚರ್ಮವಾದ್ಯ ಬಾರಿಸುತ್ತ ಹಾಡುವುದು ಕೇಳಿಸುತ್ತಿತ್ತು. ಒಂದು ದಿನ ಅಮ್ಮ ತಾವೇ ಹೋಗಿ ಬಾಗಿಲು ತಟ್ಟಿದರಂತೆ. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು. ಆದರೂ ವಾರದೊಳಗೆ ಅಮ್ಮ ಆ ತಾಳ ಕಲಿತಿದ್ದರು. ಚಿಕ್ಕಂದಿನಲ್ಲಿ ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಹಾಡಿ ಬೆಳೆದವರು ಅವರು.

ಶಾಲೆಯ ಕಾರ್ಯಕ್ರಮದಲ್ಲಿ ತನ್ನೂರಿನ ಹಾಡುಗಳಿಗೆ ಅಮ್ಮನೂ ಬಾರಿಸಬೇಕೆಂದು ಟೀಚರ್ ಕೇಳಿದಳು. ಹಾಡುವವರೆಲ್ಲ ಹೊದೆಯುವ ಹಸಿರು ವಸ್ತ್ರವನ್ನೂ ತಂದಿದ್ದಳು.

ಅಮ್ಮ ಅದನ್ನು ಮುಟ್ಟಲಿಲ್ಲ. "ಬಾರಿಸ್ತೇನೆ. ಹಸಿರು ಮಾತ್ರ ನನಗೆ ಆಗುದಿಲ್ಲ, ಅವಳಿಗೆ ಹೇಳು."

ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಗಂಡ ಸತ್ತವರು ಹಸಿರು ತೊಡಬಾರದೆಂಬ ನಮ್ಮ ಕಡೆಯ ರೂಢಿಯನ್ನು ನಾನು ಇಂಗ್ಲಿಷಿನಲ್ಲಿ ವಿವರಿಸಿದೆ. ಟೀಚರ್ ತನ್ನ ಅಜ್ಜಿಯ ಕತೆ ಹೇಳಿದಳು. ಅಜ್ಜನನ್ನು ಸಮುದ್ರ ನುಂಗಿದ ಮೇಲೆ ಅಜ್ಜಿ ಸಾಯುವವರೆಗೂ ಕಪ್ಪೇ ಉಟ್ಟಳು. ಹಾಡುವಾಗ ಮಾತ್ರ ಹಸಿರಿನ ಹಾಡನ್ನೇ ಹಾಡುತ್ತಿದ್ದಳು. ಅವರ ಜನಪದ ಹಾಡುಗಳಲ್ಲಿ ಹಸಿರೆಂದರೆ ಭರವಸೆ.

ನಾನು ತುಳುವಿನಲ್ಲಿ ಹೇಳಿದ್ದನ್ನು ಅಮ್ಮ ಗಮನವಿಟ್ಟು ಕೇಳಿದರು. "ಊರಿನವರು ಏನೂ ಹೇಳ್ಲಿಲ್ವಂತಾ?"

"ಹೇಳಿದ್ರಂತೆ," ಎಂದೆ ಟೀಚರನ್ನು ಕೇಳಿ.

"ಮತ್ತೆ ಅಜ್ಜಿ ಎಂತ ಮಾಡಿದ್ದು?"

ನಾನು ಅದನ್ನೂ ಕೇಳಿದಾಗ ಟೀಚರ್ ನಕ್ಕಳು. "ಇನ್ನೂ ಜೋರಾಗಿ ಹಾಡಿದಳು."

ಅಮ್ಮನಿಗೂ ನಗು ಬಂತು. ಕಾರ್ಯಕ್ರಮದ ಸಂಜೆ ಅವರು ಕಂದು ಸೀರೆಯ ಮೇಲೆ ಆ ಹಸಿರು ವಸ್ತ್ರ ಹೊದ್ದು, ಒಂದೂ ಪೆಟ್ಟು ತಪ್ಪದಂತೆ ಬಾರಿಸಿದರು. ಸಭೆಯಲ್ಲಿದ್ದ ನಮ್ಮೂರಿನ ಹೆಂಗಸೊಬ್ಬರು ಫೋಟೋ ತೆಗೆದು ಕಳಿಸಿದರೆಂದು ತೋರುತ್ತದೆ, ಮರುದಿನ ಊರಿನಿಂದ ಸೋದರತ್ತೆಯ ಫೋನ್ ಬಂತು.

"ಹೌದು, ಹಾಕಿದ್ದೆ," ಎಂದರು ಅಮ್ಮ. "ಚೆಂದ ಕಾಣ್ತಿತ್ತಲ್ಲ?" ಆ ಕಡೆಯಿಂದ ಏನು ಉತ್ತರ ಬಂತೋ ನನಗೆ ಗೊತ್ತಿಲ್ಲ.

ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಹಸಿರು ಉಡಬೇಡಿ ಎಂದು ನಾನು ಅವರಿಗೆ ಎಂದೂ ಹೇಳಿದವಳಲ್ಲ. ಆದರೆ ಹನ್ನೊಂದು ವರ್ಷವೂ ರಜೆಗೆ ಊರಿಗೆ ಹೋಗುವಾಗ ಅವರಿಗೆಂದು ಒಯ್ದದ್ದು ಕಂದು, ಬೂದು ಸೀರೆಗಳನ್ನೇ. ಆ ಶುಕ್ರವಾರ ಅವರನ್ನು ಅಂಗಡಿಗೆ ಕರೆದುಕೊಂಡು ಹೋಗಿ, "ನಿಮಗೆ ಬೇಕಾದ್ದು ತೆಗೊಳ್ಳಿ," ಎಂದೆ. ಹಸಿರನ್ನೇ ಆರಿಸುತ್ತಾರೆಂದು ನನ್ನ ಎಣಿಕೆ. ಅವರು ಒಂದು ಗಂಟೆ ನೋಡಿ ಗಾಢ ನೀಲಿ ತೆಗೆದುಕೊಂಡರು.